ಬೆನ್ನ ಹಿಂದಿನ ಬಾಯಿ

ಮಿಡತೆ ದಂಡಿಗೆ ದಂಡನಾಯಕ ಯಾರು ಎಂದು ಓದುಗರೊಬ್ಬರು ಕೇಳಿದ್ದಾರೆ. ಯಾರೂ ಇಲ್ಲ. ದೇವರ ಸಿಟ್ಟಂತೂ ಅಲ್ಲವೇ ಅಲ್ಲ. 2020ರ ಮೇ ತಿಂಗಳಲ್ಲಿ ಮರುಭೂಮಿ ಮಿಡತೆ ರಾಜಸ್ಥಾನ, ಮಧ್ಯಪ್ರದೇಶಗಳಿಗೆ ಇಳಿದಾಗ, ನಮ್ಮ ಕೋಲಾರದ ಕಡೆ ಎಕ್ಕದ ಗಿಡಕ್ಕೆ ಮುತ್ತಿದ ಬಣ್ಣದ ಮಿಡತೆ ಕಂಡೇ ಜನ ಗಾಬರಿಬಿದ್ದಿದ್ದರು. ಅದು ಪಾಪದ ಹುಳು. ಎಕ್ಕ ಸಿಕ್ಕರೆ ಸಾಕು ಅದಕ್ಕೆ.

ಮರುಭೂಮಿ ಮಿಡತೆಯ ಕಥೆ ಬೇರೆ. ಒಂಟಿಯಾಗಿದ್ದಾಗ ಅದು ಇನ್ನೊಂದು ಮಿಡತೆ ಕಂಡರೆ ದೂರ ಸರಿಯುವ ಸಂಕೋಚದ ಪ್ರಾಣಿ. ಮಳೆಗೆ ಸಂತಾನ ಹೆಚ್ಚಿ, ಆಮೇಲೆ ಮೇವು ಒಣಗಿ ಒಂದೆಡೆ ಒತ್ತೊತ್ತಾದರೆ ಕೆಲವೇ ಗಂಟೆಗಳಲ್ಲಿ ಸ್ವಭಾವ ಬದಲು. 2006ರಲ್ಲಿ ಸಂಶೋಧಕರು ರೆಕ್ಕೆ ಬಾರದ ಮರಿಗಳನ್ನು ಬಳೆಯಾಕಾರದ ಅಂಗಳದಲ್ಲಿ ಬಿಟ್ಟು ನೋಡಿದರು. ಕೆಲವೇ ಇದ್ದಾಗ ತಲೆಗೊಂದು ದಿಕ್ಕು. ಚದರ ಮೀಟರಿಗೆ ಸುಮಾರು 74 ದಾಟಿದರೆ ಗಂಟೆಗಟ್ಟಲೆ ಎಲ್ಲಕ್ಕೂ ಒಂದೇ ದಿಕ್ಕು. ಪಕ್ಕದವರ ಸರಾಸರಿ ದಿಕ್ಕು ಹಿಡಿ, ನಡುವೆ ಒಂದಿಷ್ಟು ತಪ್ಪು ಮಾಡು ಎನ್ನುವ 1995ರ ವಿಚೆಕ್ ಸೂತ್ರಕ್ಕೆ ಇದು ಸರಿಯಾಗಿಯೇ ಹೊಂದಿತು.

ಆದರೆ ಅವು ನಡೆಯುವುದಾದರೂ ಏಕೆ? ನನಗೆ ಮೈ ಜುಮ್ಮೆನ್ನುವುದು ಇಲ್ಲಿ. ಹಸಿದ ಮಿಡತೆಗೆ ಅತಿ ಹತ್ತಿರದ ಊಟವೆಂದರೆ ಮುಂದಿನ ಮಿಡತೆಯ ಹೊಟ್ಟೆ! ಮುಂದಿನದನ್ನು ಕಚ್ಚಲು ಹೋಗಬೇಕು, ಹಿಂದಿನದು ಕಚ್ಚದಂತೆ ಓಡಬೇಕು. 2008ರ ಪ್ರಯೋಗದಲ್ಲಿ ಕೆಲವು ಮಿಡತೆಗಳ ಹೊಟ್ಟೆಯ ನರ ಕತ್ತರಿಸಿದರು. ಹಿಂದಿನಿಂದ ಕಚ್ಚಿದ್ದು ಗೊತ್ತಾಗದ ಅವು ನಡೆಯುವುದನ್ನೇ ಕಡಿಮೆ ಮಾಡಿದವು, ಹೆಚ್ಚಾಗಿ ತಿನ್ನಿಸಿಕೊಂಡವು. ಒಗ್ಗಟ್ಟಿಗೆ ಕೀಟಗಳನ್ನು ಉದಾಹರಿಸುವ ಭಾಷಣಕಾರರು ದಯವಿಟ್ಟು ಗಮನಿಸಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ವೇಶ ಗುತ್ತಲ ಮತ್ತು ಜೊತೆಗಾರರು 2012ರಲ್ಲಿ ಈ ಭಯವನ್ನು ಗಣಿತಕ್ಕಿಳಿಸಿದರು. ಕಂಪ್ಯೂಟರಿನೊಳಗೆ ತಲೆಮಾರುಗಟ್ಟಲೆ ಮಿಡತೆ ಸಾಕಿದರು; ತಿನ್ನಿಸಿಕೊಳ್ಳದೆ ಉಳಿದವುಗಳದ್ದೇ ವಂಶ ಬೆಳೆಯಿತು. ವಿರಳವಾಗಿದ್ದಾಗ ದೂರ ಸರಿಯುವ, ದಟ್ಟವಾದಾಗ ಗುಂಪು ಸೇರುವ ಎರಡು ಮುಖದ ಸ್ವಭಾವ ತಾನಾಗಿ ಹುಟ್ಟಿಕೊಂಡಿತು. ಮೇವಿನ ಹುಡುಕಾಟ, ಪರಭಕ್ಷಕ ಯಾವುದೂ ಬೇಕಾಗಲಿಲ್ಲ. ಸ್ವಜಾತಿಯ ಬಾಯೊಂದೇ ಸಾಕಾಯಿತು.

ಲೆಕ್ಕ ಇಲ್ಲಿಗೇ ಮುಗಿದಿಲ್ಲ. 2025ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್ ತಂಡ ವರ್ಚುವಲ್ ರಿಯಾಲಿಟಿಯಲ್ಲಿ ಮಿಡತೆಯ ಎಡಕ್ಕೂ ಬಲಕ್ಕೂ ಒಂದೇ ದಿಕ್ಕಿಗೆ ಸಾಗುವ ಸುಳ್ಳು ಹಿಂಡುಗಳನ್ನು ತೋರಿಸಿತು. ವಿಚೆಕ್ ಸೂತ್ರದಂತೆ ಅದು ಅವುಗಳ ಜೊತೆ ನೇರ ನಡೆಯಬೇಕಿತ್ತು. ನಡೆಯಲಿಲ್ಲ, ಒಂದು ಹಿಂಡಿನತ್ತ ತಿರುಗಿತು.