ಎರಡು ಭರಣಿ, ಒಂದೇ ಹಣ್ಣು

ಕೈಲ್‌ಪೋದ್ ಹಬ್ಬ ಮುಗಿದರೂ ಮಡಿಕೇರಿಯಲ್ಲಿ ಮಳೆ ಬಿಟ್ಟಿಲ್ಲ. ಹೆಂಚಿನ ಮೇಲೆ ಜಿಟಿಜಿಟಿ, ಕಿಟಕಿಯಾಚೆ ಮಂಜು. ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಬಾಯಿಗೆ ಬಿಳಿಬಟ್ಟೆ ಕಟ್ಟಿದ ಎರಡು ಭರಣಿಗಳು. ಕಿವಿಯಿಟ್ಟರೆ ಒಳಗೆ ಚುರುಚುರು ಸದ್ದು. ವೈನ್ ಹುದುಗುತ್ತಿದೆ.

ಎರಡರಲ್ಲೂ ಇರುವುದು ಹಿತ್ತಲ ಬಳ್ಳಿಯ ಪ್ಯಾಷನ್ ಫ್ರೂಟ್. ಸಕ್ಕರೆಯ ತೂಕ ಒಂದೇ, ಹಾಕಿದ ದಿನವೂ ಒಂದೇ. ಬೇರೆಯಾದದ್ದು ಯೀಸ್ಟ್ ಮಾತ್ರ.

ಮನೆಯೊಡತಿ ಮೊದಲ ಭರಣಿಯ ಬಟ್ಟೆ ಸರಿಸಿದರು. ಬೇಕರಿ ಯೀಸ್ಟಿನದು. ಬ್ರೆಡ್ಡಿಗೆ ಕಲಸಿಟ್ಟ ಹಿಟ್ಟಿನ ವಾಸನೆ, ಅದರ ಬೆನ್ನಿಗೇ ಕಳಿತ ಬಾಳೆಹಣ್ಣು. ಹಣ್ಣನ್ನು ಹುಡುಕಬೇಕಾಯಿತು. ಎರಡನೆಯದು ವೈನಿಗೆಂದೇ ಬರುವ ಪೊಟ್ಟಣದ್ದು. ಗಂಟು ಬಿಚ್ಚುವಾಗಲೇ ಪ್ಯಾಷನ್ ಫ್ರೂಟ್ ಮೂಗಿಗೆ ಬಂತು. "ಅಮ್ಮ ಹಾಕುತ್ತಿದ್ದದ್ದು ಬ್ರೆಡ್ಡಿನ ಯೀಸ್ಟೇ, ಜೊತೆಗೊಂದು ಹಿಡಿ ಗೋಧಿ. ಈ ಪರಿಮಳ ಆಗ ಸಿಕ್ಕಿರಲಿಲ್ಲ ನೋಡಿ," ಎಂದರು.

ಎರಡು ಯೀಸ್ಟುಗಳೂ ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಒಂದೇ ಜಾತಿಯ ಜೀವಿಗಳು. ಗಂಧಸಾಲೆಯೂ ಭತ್ತವೇ, ಗದ್ದೆಯ ಬೇರೆ ತಳಿಯೂ ಭತ್ತವೇ. ಬೆಂದಾಗ ಮನೆ ತುಂಬುವ ಪರಿಮಳ ಮಾತ್ರ ಒಂದೇ ಅಲ್ಲ. ಇದೂ ಹಾಗೆಯೇ. ಬೇಕರಿ ತಳಿಯನ್ನು ಬೆಳೆಸಿರುವುದು ಹಿಟ್ಟು ಬೇಗ ಉಬ್ಬಲೆಂದು. ಪ್ಯಾಷನ್ ಫ್ರೂಟಿನ ಪರಿಮಳದಲ್ಲಿ ಮುಖ್ಯವಾದದ್ದು ಥಯಾಲ್ ಎಂಬ ಗಂಧಕದ ಸಂಯುಕ್ತ. ಹಣ್ಣಿನಲ್ಲಿ ಅದರ ಒಂದು ಪಾಲು ವಾಸನೆಯಿಲ್ಲದ ರೂಪದಲ್ಲಿ ಅಡಗಿರುತ್ತದೆ. ಕೆಲವು ವೈನ್ ತಳಿಗಳು ಆ ಕಟ್ಟು ಬಿಡಿಸಿ ಪರಿಮಳವನ್ನು ಹೊರಗೆ ತರುತ್ತವೆ. ಬಾಳೆಹಣ್ಣಿನ ವಾಸನೆ ಹಾಗಲ್ಲ, ಯೀಸ್ಟ್ ತಾನೇ ತಯಾರಿಸುವ ಎಸ್ಟರ್ ಅದು. ಯಾವುದನ್ನು ಎಷ್ಟು ಕೊಡಬೇಕೆಂಬುದು ತಳಿಯ ಗುಣ. ಸಾರಜನಕದ ಆಹಾರ ಸಾಲದೆ ಬಳಲಿದರೆ ಅದೇ ಯೀಸ್ಟ್ ಕೊಳೆತ ಮೊಟ್ಟೆಯ ನಾತ ಬಿಡುತ್ತದೆ. ಏನನ್ನೂ ಹಾಕದೆ ಹಣ್ಣಿನ ಸಿಪ್ಪೆಯ ಕಾಡು ಯೀಸ್ಟುಗಳಿಗೇ ಬಿಟ್ಟರೆ, ಒಮ್ಮೊಮ್ಮೆ ಉಗುರುಬಣ್ಣದ ಘಾಟು.

ಕೊಡಗಿನ ಚಳಿಯೂ ಇಲ್ಲಿ ದೊಡ್ಡ ವರ. ಸೆಕೆಯಲ್ಲಿ ಭರಣಿ ಬಿರುಸಾಗಿ ಕುದಿದು, ಗಾಳಿಯ ಜೊತೆ ಪರಿಮಳವೂ ಹಾರಿಹೋಗುತ್ತದೆ. ಇಲ್ಲಿಯ ಮಳೆಗಾಲದಲ್ಲಿ ಯೀಸ್ಟ್ ನಿಧಾನ, ಆದ್ದರಿಂದ ಪರಿಮಳ ಉಳಿಯುತ್ತದೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ 'ಕಾವೇರಿ' ಎಂಬ ಪ್ಯಾಷನ್ ಫ್ರೂಟ್ ಸಂಕರ ತಳಿಯನ್ನೇ ಕೊಟ್ಟಿದೆ. ಹಣ್ಣಿದೆ, ಹವೆಯಿದೆ. ಇಷ್ಟಿದ್ದೂ ನಮ್ಮ ಶುಂಠಿ, ನೆಲ್ಲಿ, ವೀಳ್ಯದೆಲೆ, ಕಿತ್ತಳೆ ವೈನುಗಳಿಗೆಲ್ಲ ಕೈಗೆ ಸಿಕ್ಕ ಯೀಸ್ಟನ್ನೇ ಹಾಕುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ವೈನ್ ಯೀಸ್ಟಿನ 5 ಗ್ರಾಂ ಪೊಟ್ಟಣ ಸುಮಾರು 20 ಲೀಟರಿಗೆ ಸಾಕು. ಈ ಸಲ ರಸವನ್ನು ಎರಡು ಭರಣಿಗೆ ಹಂಚಿ, ಬೇರೆ ಬೇರೆ ಯೀಸ್ಟ್ ಹಾಕಿ, ಹೆಸರು ಮತ್ತು ತಾರೀಖು ಬರೆದ ಚೀಟಿ ಅಂಟಿಸಿಡಿ. ಮುಂದಿನ ವರ್ಷ ಯಾವುದನ್ನು ಹಾಕಬೇಕೆಂದು ನಿಮ್ಮ ಮೂಗೇ ಹೇಳುತ್ತದೆ.