ಪದಕ ವೇದಿಕೆಯ ಮೇಲೆ ಪ್ರತಿಭಟಿಸಿದರೆ ಏನಾಗುತ್ತದೆ?

ಒಲಿಂಪಿಕ್ಸ್‌ನ ಪದಕ ಪ್ರದಾನದಲ್ಲಿ ಕ್ರೀಡಾಪಟುವಿನ ಇಷ್ಟಕ್ಕೆ ಬಿಟ್ಟದ್ದು ಏನೂ ಇಲ್ಲ ಅಂದರೂ ನಡೆದೀತು. ಯಾವ ಕಡೆಯಿಂದ ಬರಬೇಕು, ಯಾರಿಂದ ಪದಕ ಪಡೆಯಬೇಕು, ಯಾವಾಗ ಬಾವುಟದತ್ತ ತಿರುಗಬೇಕು ಎಂಬುದೆಲ್ಲ ಮೊದಲೇ ನಿಗದಿಯಾಗಿರುತ್ತದೆ. ಮೈಮೇಲಿನ ಜಾಕೆಟ್ಟೂ ಆಯಾ ದೇಶದ ಒಲಿಂಪಿಕ್ ಸಮಿತಿ ಕೊಟ್ಟದ್ದೇ. ಮೂರು ಬಾವುಟ ಏರುತ್ತವೆ, ಒಂದು ರಾಷ್ಟ್ರಗೀತೆ ಮೊಳಗುತ್ತದೆ. ಇಷ್ಟೆಲ್ಲ ಇಟ್ಟುಕೊಂಡು, ಇಲ್ಲಿ ರಾಜಕೀಯ ಕೂಡದು ಎನ್ನುತ್ತದೆ ಒಲಿಂಪಿಕ್ ಚಾರ್ಟರ್‌ನ 50ನೇ ನಿಯಮ. ಜಾಹೀರಾತನ್ನು ನಿರ್ಬಂಧಿಸುವುದೂ ಇದೇ ನಿಯಮ. 1992ರಲ್ಲಿ ಬಾರ್ಸಿಲೋನಾದಲ್ಲಿ ಚಿನ್ನ ಗೆದ್ದ ಮೈಕೆಲ್ ಜೋರ್ಡನ್ ಹೆಗಲ ಮೇಲೆ ಅಮೆರಿಕದ ಬಾವುಟ ಹೊದ್ದು ನಿಂತಿದ್ದು ನೆನಪಿರಬಹುದು. ಅದರಲ್ಲಿ ದೇಶಭಕ್ತಿ ಎಷ್ಟಿತ್ತೋ, ಜಾಕೆಟ್ ಮೇಲಿನ ರೀಬಾಕ್ ಗುರುತು ಮುಚ್ಚುವ ಉದ್ದೇಶವಂತೂ ಇತ್ತು. ಅವರು ನೈಕಿಯ ಆಟಗಾರ.

ನಿಯಮ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮೆಕ್ಸಿಕೊ ನಗರಕ್ಕೆ ಹೋಗಬೇಕು. 1968ರ ಅಕ್ಟೋಬರ್ 16ರಂದು 200 ಮೀಟರ್ ಓಟವನ್ನು ಅಮೆರಿಕದ ಟಾಮಿ ಸ್ಮಿತ್ 19.83 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಗೆದ್ದರು. ಆಸ್ಟ್ರೇಲಿಯಾದ ಪೀಟರ್ ನಾರ್ಮನ್‌ಗೆ ಬೆಳ್ಳಿ, ಅಮೆರಿಕದವರೇ ಆದ ಜಾನ್ ಕಾರ್ಲೋಸ್‌ಗೆ ಕಂಚು. ಗೀತೆ ಶುರುವಾದಾಗ ಸ್ಮಿತ್, ಕಾರ್ಲೋಸ್ ತಲೆ ತಗ್ಗಿಸಿ, ಕಪ್ಪು ಗ್ಲೌಸ್ ತೊಟ್ಟ ಮುಷ್ಟಿ ಎತ್ತಿದರು. ಎಲ್ಲರೂ ನೋಡಿದ ಚಿತ್ರವೇ. ಆದರೂ ಇನ್ನೊಮ್ಮೆ ಹತ್ತಿರದಿಂದ ನೋಡಿ. ಕಾಲಲ್ಲಿ ಶೂ ಇಲ್ಲ, ಬರೀ ಕಪ್ಪು ಕಾಲುಚೀಲ. ಅದು ಕರಿಯರ ಬಡತನದ ಗುರುತು. ಕಾರ್ಲೋಸ್ ಕೊರಳಿನ ಮಣಿಸರ, ಗುಂಪುಗಳು ಹೊಡೆದು ನೇಣಿಗೇರಿಸಿದ ಕರಿಯರ ನೆನಪಿಗೆ. ಅವರ ಜಾಕೆಟ್‌ನ ಜಿಪ್ ತೆರೆದಿದೆ. ಅದು ದುಡಿಯುವ ವರ್ಗದವರಿಗಾಗಿ. ಸ್ಮಿತ್ ಎತ್ತಿದ್ದು ಬಲಗೈ, ಕಾರ್ಲೋಸ್ ಎಡಗೈ. ಕಾರಣ, ಕಾರ್ಲೋಸ್ ತಮ್ಮ ಗ್ಲೌಸ್ ಮರೆತು ಬಂದಿದ್ದರು. ಇರುವ ಒಂದೇ ಜೊತೆಯನ್ನು ಹಂಚಿಕೊಳ್ಳಿ ಎಂದು ಹೇಳಿದವರು ನಾರ್ಮನ್. ಆ ಬಿಳಿಯನ ಎದೆಯ ಮೇಲೂ ಮಾನವ ಹಕ್ಕುಗಳ ಒಲಿಂಪಿಕ್ ಆಂದೋಲನದ ಬ್ಯಾಡ್ಜ್ ಇತ್ತು. ವೇದಿಕೆಯ ಮೇಲೆ ಪೂಮಾ ಶೂ ಕೂಡ ಇತ್ತೆಂಬುದು ಅಷ್ಟಾಗಿ ಚರ್ಚೆಯಾಗದ ವಿವರ.

ಮುಂದಿನದು ಮುಖ್ಯ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ (ಐಒಸಿ) ಅಧ್ಯಕ್ಷ ಏವರಿ ಬ್ರಂಡೇಜ್ ಈ ಇಬ್ಬರನ್ನೂ ಹೊರಹಾಕಿ ಎಂದು ಅಮೆರಿಕದ ಒಲಿಂಪಿಕ್ ಸಮಿತಿಗೆ ತಾಕೀತು ಮಾಡಿದರು. ಅಲ್ಲಿ ಹಿಂದೆಮುಂದೆ ನೋಡಿದಾಗ, ಅಮೆರಿಕದ ಇಡೀ ಅಥ್ಲೆಟಿಕ್ಸ್ ತಂಡವನ್ನೇ ಕಳಿಸುತ್ತೇವೆ ಎಂಬ ಬೆದರಿಕೆ ಬಂತು. ಅಮೆರಿಕದ ಸಮಿತಿ ಬಗ್ಗಿತು. ಇಬ್ಬರೂ ತಂಡದಿಂದ ಅಮಾನತಾದರು, ಕ್ರೀಡಾಗ್ರಾಮ ಬಿಟ್ಟು ಹೊರಟರು. ಪದಕ ಕಿತ್ತುಕೊಂಡರು ಎಂದು ಇವತ್ತಿಗೂ ಬರೆಯುವವರಿದ್ದಾರೆ. ಅದು ಸುಳ್ಳು, ಪದಕಗಳು ಅವರ ಬಳಿಯೇ ಉಳಿದವು. ಇದೇ ಬ್ರಂಡೇಜ್ 1936ರಲ್ಲಿ ಅಮೆರಿಕದ ಸಮಿತಿಯ ಮುಖ್ಯಸ್ಥರಾಗಿದ್ದಾಗ, ಬರ್ಲಿನ್‌ನ ವೇದಿಕೆಯಲ್ಲಿ ಜರ್ಮನರು ನಾಜಿ ಸೆಲ್ಯೂಟ್ ಹೊಡೆದದ್ದಕ್ಕೆ ತಕರಾರು ಎತ್ತಿರಲಿಲ್ಲ.

ಶಿಕ್ಷೆ ಇಂದಿಗೂ ಸಾಗುವುದು ಇದೇ ದಾರಿಯಲ್ಲಿ. ಕ್ರೀಡಾಪಟು ಐಒಸಿಯ ನೌಕರನಲ್ಲ, ಅದರಿಂದ ಸಂಬಳ ಪಡೆಯುವುದಿಲ್ಲ. ಐಒಸಿಯ ನೇರ ಹಿಡಿತವಿರುವುದು ಪದಕದ ಮೇಲೆ ಮತ್ತು ಕೊರಳಲ್ಲಿ ನೇತಾಡುವ ಮಾನ್ಯತಾ ಕಾರ್ಡಿನ ಮೇಲೆ. ಆ ಕಾರ್ಡ್ ಹೋದರೆ ಕ್ರೀಡಾಂಗಣವೂ ಇಲ್ಲ, ಕ್ರೀಡಾಗ್ರಾಮದ ಊಟದ ಮನೆಯೂ ಇಲ್ಲ. ಉಳಿದಂತೆ ಒತ್ತಡವೆಲ್ಲ ಆಯಾ ದೇಶದ ಸಮಿತಿ ಮತ್ತು ಆಯಾ ಆಟದ ಫೆಡರೇಶನ್ ಮೂಲಕ ಬರುತ್ತದೆ. ಹಾಗಾಗಿ ಒಂದೇ ತಪ್ಪಿಗೆ ಒಂದೇ ಶಿಕ್ಷೆ ಎಂದು ನಿರೀಕ್ಷಿಸಬೇಡಿ. ಸ್ವಂತ ದೇಶ ಕೈಬಿಡುತ್ತದೋ ಬೆನ್ನಿಗೆ ನಿಲ್ಲುತ್ತದೋ ಎಂಬುದರ ಮೇಲೆ ಬಹುಪಾಲು ನಿಂತಿದೆ. ಅದೇ 1968ರಲ್ಲಿ ಜಿಮ್ನಾಸ್ಟ್ ವೆರಾ ಚಾಸ್ಲಾವ್‌ಸ್ಕಾ ಸೋವಿಯತ್ ಗೀತೆ ಮೊಳಗುವಾಗ ಮುಖ ಆಚೆ ತಿರುಗಿಸಿ ನಿಂತರು. ಎರಡು ತಿಂಗಳ ಹಿಂದಷ್ಟೇ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದವು. ಅವರು ಬೆಲೆ ತೆತ್ತದ್ದು ಊರಿಗೆ ಮರಳಿದ ಮೇಲೆ, ತಮ್ಮದೇ ಸರ್ಕಾರದ ಕೈಯಲ್ಲಿ, ವರ್ಷಗಟ್ಟಲೆ.

ನಿಯಮ ಸ್ವಲ್ಪ ಸಡಿಲವಾದದ್ದು 2021ರ ಜುಲೈನಲ್ಲಿ, ಟೋಕಿಯೊ ಕೂಟಕ್ಕೆ ಕೆಲವೇ ದಿನ ಮೊದಲು. ಈಗ ಸ್ಪರ್ಧೆ ಶುರುವಾಗುವ ಮುಂಚೆ, ಹೆಸರು ಕೂಗುವಾಗ, ಮೈದಾನದಲ್ಲಿ ನಿಲುವು ತೋರಿಸಬಹುದು. ಆದರೆ ಅದು ವ್ಯಕ್ತಿ, ದೇಶ ಅಥವಾ ಸಂಸ್ಥೆಯನ್ನು ಗುರಿಯಾಗಿಸಿರಬಾರದು, ಎದುರಾಳಿಯ ತಯಾರಿಗೆ ಅಡ್ಡಿಯಾಗಬಾರದು. ಪತ್ರಿಕಾಗೋಷ್ಠಿಯಲ್ಲಿ, ಸಂದರ್ಶನದಲ್ಲಿ, ಸಾಮಾಜಿಕ ಜಾಲತಾಣದಲ್ಲಿ ಅಭಿಪ್ರಾಯ ಹೇಳಬಹುದು. ಆಟ ನಡೆಯುವಾಗ, ಕ್ರೀಡಾಗ್ರಾಮದಲ್ಲಿ, ಉದ್ಘಾಟನೆ, ಸಮಾರೋಪ ಮತ್ತು ಪದಕ ಪ್ರದಾನದಲ್ಲಿ ಮಾತ್ರ ಕೂಡದು. ಹೀಗಾಗಿ ಪಂದ್ಯಕ್ಕೆ ಮುನ್ನ ಮಂಡಿಯೂರಿದ ಬ್ರಿಟನ್ ಮತ್ತು ಚಿಲಿಯ ಫುಟ್‌ಬಾಲ್ ಆಟಗಾರ್ತಿಯರಿಗೆ ಏನೂ ಆಗಲಿಲ್ಲ. ಸಮಾರಂಭಕ್ಕೆ ಇಷ್ಟು ಕಾವಲು ಏಕೆ ಎಂದರೆ ಐಒಸಿ ತೋರಿಸುವುದು ಕ್ರೀಡಾಪಟುಗಳ ಸಮೀಕ್ಷೆಯನ್ನು: ಉತ್ತರಿಸಿದ 3,500ಕ್ಕೂ ಹೆಚ್ಚು ಮಂದಿಯಲ್ಲಿ ಮೂರನೇ ಎರಡರಷ್ಟು ಜನ ಪದಕ ವೇದಿಕೆ ಪ್ರತಿಭಟನೆಗೆ ತಕ್ಕ ಜಾಗವಲ್ಲ ಎಂದಿದ್ದರು. ವಾದದಲ್ಲಿ ಹುರುಳಿಲ್ಲದಿಲ್ಲ. ಪಕ್ಕದಲ್ಲಿ ನಿಂತವರಿಗೂ ಅದು ಜೀವಮಾನದ ಗಳಿಗೆ. ಆದರೆ ಕ್ಯಾಮೆರಾ ಎಲ್ಲಿ ನೆಟ್ಟಿರುತ್ತದೋ ಅಲ್ಲಿ ಬೇಡ, ಇಲ್ಲದ ಕಡೆ ಮಾಡಿಕೊಳ್ಳಿ ಎಂದಂತೆಯೂ ಆಯಿತು.

ಅದೇ ಟೋಕಿಯೊದಲ್ಲಿ ಶಾಟ್‌ಪುಟ್ ಬೆಳ್ಳಿ ಗೆದ್ದ ಅಮೆರಿಕದ ರೇವನ್ ಸಾಂಡರ್ಸ್ ವೇದಿಕೆಯ ಮೇಲೆ ಎರಡೂ ಕೈ ಮೇಲೆತ್ತಿ ಕತ್ತರಿಯಂತೆ ಹೆಣೆದು ನಿಂತರು. ದಮನಕ್ಕೊಳಗಾದವರೆಲ್ಲ ಸಂಧಿಸುವ ಬಿಂದು ಅದು ಎಂದರು. ಐಒಸಿ ವಿಚಾರಣೆ ಶುರುಮಾಡಿತು. ಅಮೆರಿಕದ ಸಮಿತಿ ಮಾತ್ರ ಈ ಸಲ ಬಗ್ಗಲಿಲ್ಲ. 2019ರಲ್ಲಿ ಲಿಮಾದ ಪ್ಯಾನ್ ಅಮೆರಿಕನ್ ಕೂಟದಲ್ಲಿ ಮುಷ್ಟಿ ಎತ್ತಿದ್ದ ಗ್ವೆನ್ ಬೆರ್ರಿ ಮೇಲೆ ಒಂದು ವರ್ಷದ ನಿಗಾ ಹೇರಿದ್ದು ಇದೇ ಸಮಿತಿ. ಶಾಂತಿಯುತ ಪ್ರತಿಭಟನೆಗೆ ಶಿಕ್ಷೆಯಿಲ್ಲ ಎಂದು ಮರುವರ್ಷ ತನ್ನ ನೀತಿಯನ್ನೇ ಬದಲಿಸಿಕೊಂಡಿತ್ತು. ಟೋಕಿಯೊ ವೇದಿಕೆಯ ಘಟನೆಯಾದ ಕೆಲವೇ ದಿನಗಳಲ್ಲಿ ಸಾಂಡರ್ಸ್ ಅವರ ತಾಯಿ ತೀರಿಕೊಂಡರು, ಐಒಸಿ ವಿಚಾರಣೆಯನ್ನು ನಿಲ್ಲಿಸಿತು. ಸಾಂಡರ್ಸ್ ಕೈ ಹೆಣೆದು ನಿಂತ ಮರುದಿನವೇ ಮಾವೊ ಬ್ಯಾಡ್ಜ್ ಧರಿಸಿ ಚಿನ್ನ ಪಡೆದಿದ್ದ ಚೀನಾದ ಇಬ್ಬರು ಸೈಕ್ಲಿಸ್ಟ್‌ಗಳಿಗೆ ಸಿಕ್ಕಿದ್ದು ಎಚ್ಚರಿಕೆ ಅಷ್ಟೆ.

2024ರ ಪ್ಯಾರಿಸ್‌ನಲ್ಲಿ ಬೇರೆಯೇ ಆಯಿತು. ನಿರಾಶ್ರಿತರ ತಂಡದ ಆಫ್ಘನ್ ಬ್ರೇಕ್‌ಡ್ಯಾನ್ಸರ್ ಮನಿಝಾ ತಲಾಶ್, ಆಫ್ಘನ್ ಮಹಿಳೆಯರನ್ನು ಬಿಡುಗಡೆ ಮಾಡಿ ಎಂದು ಬರೆದ ಬಟ್ಟೆಯನ್ನು ಸ್ಪರ್ಧೆಯ ನಡುವೆ ತೋರಿಸಿದರು. ಸುತ್ತಿನಲ್ಲಿ ಹೇಗೂ ಸೋತಿದ್ದರು. ಫೆಡರೇಶನ್ ಅದರ ಮೇಲೆ ಅನರ್ಹತೆಯನ್ನೂ ಹಾಕಿತು.

ಕ್ರಿಕೆಟ್‌ನ ಲೆಕ್ಕ ಬೇರೆ. 2025ರ ಸೆಪ್ಟೆಂಬರ್ 28ರಂದು ದುಬೈನಲ್ಲಿ ಏಷ್ಯಾ ಕಪ್ ಗೆದ್ದ ಭಾರತ ತಂಡ, ಏಷ್ಯಾ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಪಾಕಿಸ್ತಾನದ ಗೃಹಸಚಿವರೂ ಆದ ಮೊಹ್ಸಿನ್ ನಖ್ವಿ ಕೈಯಿಂದ ಟ್ರೋಫಿ ಪಡೆಯಲು ಒಪ್ಪಲಿಲ್ಲ. ಆಟಗಾರರು ಬರಿಗೈಯಲ್ಲೇ ಟ್ರೋಫಿ ಎತ್ತಿದಂತೆ ನಟಿಸಿ ಸಂಭ್ರಮಿಸಿದರು. ಅದೇ ಟೂರ್ನಿಯ ಲೀಗ್ ಪಂದ್ಯವೊಂದರ ಬಳಿಕ ಗೆಲುವನ್ನು ಸೇನೆಗೆ ಅರ್ಪಿಸಿ ಮಾತಾಡಿದ್ದಕ್ಕೆ ನಾಯಕ ಸೂರ್ಯಕುಮಾರ್ ಯಾದವ್‌ಗೆ ಐಸಿಸಿ ಪಂದ್ಯಶುಲ್ಕದ ಶೇ 30ರಷ್ಟು ದಂಡ ವಿಧಿಸಿತು. ಒಲಿಂಪಿಕ್ಸ್‌ನಲ್ಲಿ ಸಮಾರಂಭಕ್ಕೆ ಬೀಗ, ಸಂದರ್ಶನಕ್ಕೆ ಬಿಡುವು. ಇಲ್ಲಿ ಮಾತಿಗೇ ದಂಡ.

2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕ್ರಿಕೆಟ್ ಒಲಿಂಪಿಕ್ಸ್‌ಗೆ ಮರಳುತ್ತಿದೆ. ಅಲ್ಲಿ ಆಡುವವರು 50ನೇ ನಿಯಮದ ಜೊತೆಗೆ ಸ್ವೀಡನ್ನಿನ ಕುಸ್ತಿಪಟು ಆರಾ ಅಬ್ರಹಾಮಿಯನ್ ಕಥೆಯನ್ನೂ ಓದಿಕೊಂಡು ಹೋಗುವುದು ಒಳ್ಳೆಯದು. 2008ರ ಬೀಜಿಂಗ್‌ನಲ್ಲಿ ತೀರ್ಪಿನ ಮೇಲಿನ ಸಿಟ್ಟಿಗೆ ಅವರು ಪದಕ ಪ್ರದಾನದ ನಡುವೆಯೇ ವೇದಿಕೆಯಿಂದಿಳಿದು, ಕಂಚನ್ನು ಕುಸ್ತಿಯ ಅಂಕಣದ ಮೇಲಿಟ್ಟು ಹೊರನಡೆದರು. ಅದರಲ್ಲಿ ರಾಜಕೀಯವೇ ಇರಲಿಲ್ಲ. ಆದರೂ ಸಮಾರಂಭ ಕೆಡಿಸಿದರೆಂದು ಐಒಸಿ ಅವರ ಪದಕವನ್ನೇ ರದ್ದು ಮಾಡಿತು.