ಲಾರಿಯ ಮೇಲಿನಿಂದ ಹುಲ್ಲುಹಾಸಿಗೆ

ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿರುವ ವಿಸ್ಬಿ ಕೋಟೆಯ ಊರು. ಮಧ್ಯಯುಗದಲ್ಲಿ ಹಡಗುಗಳು ಬಂದು ನಿಲ್ಲುತ್ತಿದ್ದ ಅಲ್ಲಿನ ಬಂದರು ಈಗ ಅಲ್ಮೆಡಾಲೆನ್ ಎಂಬ ಉದ್ಯಾನ. 1968ರ ಬೇಸಿಗೆಯಲ್ಲಿ ಆಗಿನ ಶಿಕ್ಷಣ ಸಚಿವ ಊಲೋಫ್ ಪಾಲ್ಮೆ ಅಲ್ಲಿನ ಹಳೆಯ ಮದ್ದಿನ ಗೋಪುರದ ಬಳಿ ಲಾರಿಯೊಂದನ್ನು ಹತ್ತಿ ಭಾಷಣ ಮಾಡಿದರು. ಅವರ ಕುಟುಂಬ ರಜೆ ಕಳೆಯುತ್ತಿದ್ದುದು ಪಕ್ಕದ ಫೋರೋ ದ್ವೀಪದಲ್ಲಿ. ಮರುವರ್ಷ ಪ್ರಧಾನಿಯಾದ ಮೇಲೂ ಅವರು ಬೇಸಿಗೆಯಲ್ಲಿ ಅಲ್ಮೆಡಾಲೆನ್‌ನಲ್ಲಿ ಮಾತನಾಡುವ ರೂಢಿ ಬಿಡಲಿಲ್ಲ.

ಒಬ್ಬ ನಾಯಕನ ರೂಢಿ ನಾಡಿನ ಹಬ್ಬವಾದದ್ದು ಬೇರೆ ಪಕ್ಷಗಳೂ ಬಂದು ಸೇರಿದ್ದರಿಂದ. 1982ರ ಹೊತ್ತಿಗೆ ಅದು ‘ಅಲ್ಮೆಡಾಲೆನ್ ವಾರ’ವಾಗಿ ರೂಪುಗೊಂಡಿತು. ಸಂಸತ್ತಿನಲ್ಲಿರುವ ಪ್ರತಿಯೊಂದು ಪಕ್ಷದ ನಾಯಕರಿಗೂ ಅಲ್ಲಿ ಭಾಷಣದ ಸರದಿ ಉಂಟು. ಆಳುವವರಿಗೂ ವಿರೋಧಿಸುವವರಿಗೂ ಒಂದೇ ವೇದಿಕೆ. ಟಿಕೆಟ್ ಇಲ್ಲ, ಆಹ್ವಾನ ಪತ್ರಿಕೆಯೂ ಬೇಡ. ಈ ಸಮಾನ ಸರದಿಯೇ ಅದರ ಜೀವಾಳ ಎಂದು ನನ್ನ ನಂಬಿಕೆ.

ಬೆಳೆದಂತೆ ಅದಕ್ಕೆ ರೋಗವೂ ಅಂಟಿತು. ಕಂಪನಿಗಳು, ಕಾರ್ಮಿಕ ಸಂಘಗಳು, ಇಲಾಖೆಗಳು, ಲಾಬಿಗಾರರು ಎಲ್ಲರೂ ಬಂದು ವಿಚಾರಗೋಷ್ಠಿಗಳ ಸಂಖ್ಯೆ ಸಾವಿರಗಟ್ಟಲೆ ಆಯಿತು. ಕೋಣೆಗಳ ಬಾಡಿಗೆ ಏರಿತು. ದೂರದೂರಿನ ಕೂಲಿಯವನೊಬ್ಬ ಸಮುದ್ರ ದಾಟಿ ಬಂದು ಸಚಿವರನ್ನು ಪ್ರಶ್ನಿಸುವುದು ಹೇಗೆ ಎಂಬ ಟೀಕೆಯಲ್ಲಿ ಹುರುಳಿದೆ. ಬಾಗಿಲು ತೆರೆದಿಟ್ಟರೆ ಸಾಲದು, ಅಲ್ಲಿಗೆ ತಲುಪುವ ದಾರಿಯೂ ಬಡವರ ಕೈಗೆಟುಕಬೇಕು.

ಹೀಗೆ ತೆರೆದ ಜಾಗದಲ್ಲಿ ನಿಲ್ಲುವುದಕ್ಕೆ ಅಪಾಯವೂ ಇದೆ. ಅಂಗರಕ್ಷಕರಿಲ್ಲದೆ ಪತ್ನಿಯೊಡನೆ ಸಿನಿಮಾ ನೋಡಿ ನಡೆದು ಬರುತ್ತಿದ್ದ ಪಾಲ್ಮೆ 1986ರಲ್ಲಿ ಸ್ಟಾಕ್‌ಹೋಮಿನ ಬೀದಿಯಲ್ಲಿ ಗುಂಡಿಗೆ ಬಲಿಯಾದರು. 2022ರ ಅಲ್ಮೆಡಾಲೆನ್ ವಾರದಲ್ಲೇ ಮನೋವೈದ್ಯೆಯೊಬ್ಬರನ್ನು ಹಾಡಹಗಲೇ ಇರಿದು ಕೊಂದರು. ಆದರೂ 2023ರಲ್ಲಿ ಹಬ್ಬ ನಡೆಯಿತು. ಈ ಪಟ್ಟು ನನಗೆ ದೊಡ್ಡದಾಗಿ ಕಾಣುತ್ತದೆ.

ಇದೇ ಹಾದಿಯಲ್ಲಿ ಫಿನ್‌ಲ್ಯಾಂಡಿನ ಪೋರಿಯಲ್ಲಿ 2006ರಲ್ಲಿ, ಡೆನ್ಮಾರ್ಕಿನ ಬಾರ್ನ್‌ಹೋಮ್ ದ್ವೀಪದಲ್ಲಿ 2011ರಲ್ಲಿ, ನಾರ್ವೆಯ ಆರೆಂಡಾಲ್‌ನಲ್ಲಿ 2012ರಲ್ಲಿ ಇಂಥ ಹಬ್ಬಗಳು ಶುರುವಾದವು. ಇವೆಲ್ಲಕ್ಕಿಂತ ನನ್ನ ಮನಸ್ಸು ನಿಲ್ಲುವುದು ಎಸ್ಟೋನಿಯಾದ ಪೈಡೆಯಲ್ಲಿ. 2013ರ ಆಗಸ್ಟ್‌ನಲ್ಲಿ ಈ ಪುಟ್ಟ ಊರಿನ ಕೋಟೆದಿಬ್ಬದಲ್ಲಿ ‘ಅಭಿಪ್ರಾಯ ಹಬ್ಬ’ ಆರಂಭವಾಯಿತು. ನಡೆಸುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಅಲ್ಲಿ ಭಾಷಣಕ್ಕಿಂತ ಚರ್ಚೆಗೇ ಬೆಲೆ. ಕೇಳಲು ಬಂದವರೂ ಮಾತಿನಲ್ಲಿ ಪಾಲುದಾರರು. ಸೋವಿಯತ್ ಆಡಳಿತದಲ್ಲಿ ಬಾಯಿ ಕಟ್ಟಿಸಿಕೊಂಡಿದ್ದ ಜನ, 1991ರಲ್ಲಿ ಮತ್ತೆ ಸ್ವತಂತ್ರರಾಗಿ, ಸಿಟ್ಟಿಗೇಳದೆ ವಾದಿಸುವುದನ್ನು ಬಯಲಲ್ಲಿ ಒಟ್ಟಿಗೆ ಕೂತು ರೂಢಿ ಮಾಡಿಕೊಳ್ಳುತ್ತಿದ್ದಾರೆ.